ಎರಡು ಚುಕ್ಕೆಗಳ ನಡುವಿನ ಅಂತರ

ಶಿರಾದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ನಿಯಾಜ್ ಅಹಮದ್ ಅವರ ಮಗಳು ಜೈಬಾ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಪಿಎಚ್‌ಡಿಗೆ ಸೇರಿದ್ದಳು. ತೀರಾ ಹತ್ತಿರವಿರುವ ಎರಡು ಬೆಳಕಿನ ಚುಕ್ಕೆಗಳು ಎಷ್ಟೇ ಒಳ್ಳೆಯ ಲೆನ್ಸಿದ್ದರೂ ಕಲಸಿಕೊಂಡು ಒಂದೇ ಆಗಿ ಕಾಣುತ್ತವೆ. ಅವುಗಳ ಚಿತ್ರ ತೆಗೆಯುವ ಬದಲು, ಬಂದ ಬೆಳಕನ್ನು ಅಲೆಯ ಆಕಾರಕ್ಕೆ ತಕ್ಕಂತೆ ವಿಂಗಡಿಸಿ ಕ್ವಾಂಟಂ ರೀತಿಯಲ್ಲಿ ಅಳೆದರೆ ನಡುವಿನ ಅಂತರ ತಿಳಿಯುತ್ತದೆ. ಅಂಥ ಉಪಕರಣವೊಂದನ್ನು ಜೈಬಾ ವರ್ಷಗಟ್ಟಲೆ ಕೂತು ಜೋಡಿಸಿದ್ದಳು.

ಇನ್ನೇನು ಅಳತೆ ಶುರುವಾಗಬೇಕು ಎನ್ನುವಾಗ ತಾಯಿ ಕುಲ್ಸುಮ್‌ಗೆ ಲಕ್ವ ಹೊಡೆಯಿತು.

"ಬಂದ್ಬುಡು ಬೇಟಿ. ಅಮ್ಮಿ ಸೇವೆ ನಿಮ್ಮಣ್ಣ ಮುಜಾಮಿಲ್ ಕೈಲಾಗಲ್ಲ" ಎಂದರು ಅಪ್ಪ.

ಅವಳು ಬಂದಳು. ತಾಯಿ ತೀರಿಕೊಂಡ ಮೇಲೆ ವಾಪಸು ಹೋದರೆ ಅವಳ ಜಾಗದಲ್ಲಿ ಬೇರೆಯವರಿದ್ದರು. ಈಗ ಮಧುಗಿರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ.

ಮೊನ್ನೆ ನಿಯಾಜ್ ಪೇಪರು ಹಿಡಿದು ಸಂಭ್ರಮದಿಂದ ಅಡುಗೆಮನೆಗೆ ಬಂದರು. "ನಿಮ್ಮ ಲ್ಯಾಬಿನ ಸುದ್ದಿ ಬಂದೈತೆ ಕಣಮ್ಮ! ಆ ಎರಡು ಚುಕ್ಕೆ ಬೇರೆ ಮಾಡವ್ರಂತೆ. ನಿನ್ನ ಹೆಸರೆಲ್ಲೈತೆ?"

ಜೈಬಾ ಸುದ್ದಿಯನ್ನು ಕೊನೆಯವರೆಗೂ ಓದಿದಳು. "ಇಲ್ಲ ಅಬ್ಬಾ. ಅವ್ರು ಅಳತೆ ಮಾಡೋವಾಗ ನಾನಿಲ್ಲಿ ಅಮ್ಮಿ ಹಾಸಿಗೆ ಬಟ್ಟೆ ಒಗೀತಿದ್ನಲ್ಲ. ಮುಜಾಮಿಲ್ ಭಾಯಿನೂ ಮನೇಲೇ ಇದ್ದ."

"ಅವನ ಕೈಲಿ ಹೆಂಗಾಗ್ತಿತ್ತು ಬೇಟಿ?"

"ನೀವು ಅವನನ್ನ ಒಂದ್ಸಲಾನೂ ಕೇಳ್ಲಿಲ್ಲ."

ನಿಯಾಜ್ ಪೇಪರು ಮಡಿಚಿಟ್ಟು ಅಂಗಡಿಗೆ ಹೋದರು.

ಜೈಬಾ ಮಧುಗಿರಿ ಬಸ್ಸು ಹಿಡಿದಳು. ಅಂದಿನ ಪಾಠ ಲೆನ್ಸುಗಳದೇ. ಒಂದು ಮಿತಿಗಿಂತ ಹತ್ತಿರವಿರುವ ಚುಕ್ಕೆಗಳನ್ನು ಬೇರೆಯಾಗಿ ಕಾಣಲು ಸಾಧ್ಯವೇ ಇಲ್ಲ ಎಂದು ಪಠ್ಯದಲ್ಲಿತ್ತು. ಪರೀಕ್ಷೆಗೆ ಬೇಕಿದ್ದುದೂ ಅದೇ ಉತ್ತರ. ಅವಳು ಅದನ್ನೇ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಗಟ್ಟಿಯಾಗಿ ಓದಿಸಿದಳು.