ನೊರೆಮರೆಯ ಕೈ

ಬೆಳಕು ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಒಂದು ಕಾಲಕ್ಕೆ ಐಸ್ ಫ್ಯಾಕ್ಟರಿಯಾಗಿದ್ದ ಶೆಡ್ಡಿನೊಳಗೆ ಉದ್ದನೆಯ ಮೇಜು, ಅದರ ಮೇಲೆ ಬೋರಲು ಹಾಕಿದ ಗಾಜಿನ ಲೋಟಗಳ ಸಾಲು. ವಯಸ್ಸಾದ ಹೆಂಗಸೊಬ್ಬರು ಒಂದೊಂದೇ ಲೋಟ ಎತ್ತಿ, ಹತ್ತಿಬಟ್ಟೆ ತೂರಿಸಿ ಒಳಗೂ ಹೊರಗೂ ಒರೆಸಿ, ಬಲ್ಬಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಉಜ್ಜುತ್ತಾರೆ. ಲೋಟ ‘ಕಿರ್ರ್’ ಎಂದರೆ ಪಾಸು. ಇವತ್ತು ಯಾಕೋ ಯಾವ ಲೋಟವೂ ಬಾಯಿ ಬಿಡುತ್ತಿಲ್ಲ.

“ಚಳಿಗೆ ಇವಕ್ಕೂ ಗಂಟ್ಲು ಕಟ್ಟಿದೆ ಅನ್ಸುತ್ತೆ” ಎಂದು ನಗುತ್ತಾ ಅವರು ಮುಂದಿನದಕ್ಕೆ ಕೈ ಹಾಕುತ್ತಾರೆ.

ಎಲೆಮರೆಯ ಕಾಯಿ ಎಂದು ಬರೆದು ಬರೆದು ಎಲೆಗೂ ಬೇಸರ ಬಂದಿದೆ, ಕಾಯಿಗೂ ಬೇಸರ ಬಂದಿದೆ. ಇವರನ್ನು ನೊರೆಮರೆಯ ಕೈ ಎನ್ನೋಣ. ಊರಿನ ಈ ಪುಟ್ಟ ಬಿಯರ್ ಕಾರ್ಖಾನೆಯಲ್ಲಿ ಲೋಟ, ಪೈಪು, ಪೀಪಾಯಿ ತೊಳೆಯುವುದು ಇವರ ಕೆಲಸ. ಎಲ್ಲರೂ ಕರೆಯುವುದು ಲೋಟದಮ್ಮ ಎಂದೇ. ಬಿಯರ್ ಬಗ್ಗೆ ಬರೆಯುವವರೆಲ್ಲ ಕುಡಿದವರ ಕತೆ ಬರೆಯುತ್ತಾರೆ. ಇದು ಒಂದು ಗುಟುಕೂ ಕುಡಿಯದವರ ಕತೆ.

ಇಲ್ಲಿ ಬಿಯರ್ ತಯಾರಿಸುವ ಯುವ ಯಜಮಾನನಿಗೆ ‘ಯೀಸ್ಟಪ್ಪ’ ಎಂದು ಹೆಸರಿಟ್ಟವರೂ ಲೋಟದಮ್ಮನೇ. ಯೀಸ್ಟ್ ಬೆರೆತು ಹುಳಿ ಬರುತ್ತಿರುವ ತೊಟ್ಟಿಗೆ ಕಿವಿಯಿಟ್ಟು “ಏನ್ ಮರಿ, ಹೇಗಿದೀಯಾ?” ಎಂದು ಕೇಳುವವನಿಗೆ ಇನ್ನೇನೆಂದು ಹೆಸರಿಡುವುದು? ಇವತ್ತು ಅವನ ಮೂರು ಹೊಸ ಬಿಯರ್‌ಗಳ ರುಚಿ ನೋಡುವ ದಿನ: ಗೋಧಿಯದೊಂದು, ಕಿತ್ತಳೆ ಸಿಪ್ಪೆಯದೊಂದು, ಹುರಿದ ಬಾರ್ಲಿಯ ಕಪ್ಪನೆಯದೊಂದು. ನೋಡಲು ಬರುವವರು ದೊಡ್ಡ ರಸ್ತೆಯ ಪಬ್ಬಿನ ಯಜಮಾನಿ. ಮೂರರಲ್ಲಿ ಒಂದು ನಾಲಿಗೆಗೆ ಹಿಡಿಸಿದರೂ ಅವರ ಪಬ್ಬಿನಲ್ಲಿ ಯೀಸ್ಟಪ್ಪನ ಬಿಯರ್ ದಿನವೂ ಹರಿಯಲು ಒಂದು ನಲ್ಲಿ ಸಿಗುತ್ತದೆ. ನಲ್ಲಿ ಸಿಕ್ಕರೆ ನೆಲೆ ಸಿಕ್ಕಂತೆ. ಸಿಗದಿದ್ದರೆ ತಿಂಗಳ ಕೊನೆಗೆ ಶೆಡ್ಡಿಗೆ ಬೀಗ.

ರುಚಿ ನೋಡುವುದು ಬೆಳಗ್ಗೆಯೇ, ನಾಲಿಗೆ ಇನ್ನೂ ನಿದ್ದೆಯಿಂದ ಎದ್ದ ಮುಗ್ಧ ಸ್ಥಿತಿಯಲ್ಲಿದ್ದಾಗ. ಆ ದಿನ ಶೆಡ್ಡಿಗೆ ಕಾಫಿ ಕುಡಿದು ಬರುವಂತಿಲ್ಲ, ಸೆಂಟು ಪೂಸಿಕೊಂಡು ಬರುವಂತಿಲ್ಲ. “ಕಾಫಿ ಇಲ್ದೆ ನಂಗೆ ಮನುಷ್ಯರ ಮುಖ ನೋಡಕ್ಕಾಗಲ್ಲ. ಅದಕ್ಕೇ ಲೋಟದ ಮುಖ ನೋಡ್ತಾ ಕೂತಿರ್ತೀನಿ” ಎನ್ನುತ್ತಾರೆ ಲೋಟದಮ್ಮ.

ಇದಕ್ಕೆ ಮುಂಚೆ ಅವರು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಸೋಡಾಪುಡಿಯಲ್ಲಿ ಉಜ್ಜಿ ಉಜ್ಜಿ ಕೈ ಒಡೆಯಿತು, ಬಿರುಕುಗಳಲ್ಲಿ ರಕ್ತ ಜಿನುಗಿತು. ಗಿರಾಕಿಗಳು ಕಂಡರೆ ಅಸಹ್ಯಪಡುತ್ತಾರೆಂದು ಮಾಲೀಕ ಮನೆಗೆ ಕಳಿಸಿದ. ಅದೇ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಯೀಸ್ಟಪ್ಪ, ಅವರು ಚೀಲ ಎತ್ತಿಕೊಂಡು ಹೊರಡುವುದನ್ನು ನೋಡಿ, ಅರ್ಧ ಊಟ ಬಿಟ್ಟು ಹಿಂದೆಯೇ ಓಡಿದನಂತೆ.

“ಕೈ ತೊಳ್ಕೊಳ್ದೆ ಓಡಿ ಬಂದಿದ್ದ! ಎಂಜಲು ಕೈಲೇ ನನ್ನ ಚೀಲ ಹಿಡ್ಕೊಂಡು, ‘ನಮ್ಮಲ್ಲಿಗೆ ಬನ್ನಿ ಅಮ್ಮ’ ಅಂದ. ನಾನು ಕೈ ತೋರಿಸ್ದೆ. ‘ನಂದೂ ಗಲೀಜಾಗೇ ಇದೆ ಬಿಡಿ’ ಅಂದ” ಎಂದು ಹೇಳುವಾಗ ಅವರ ದನಿ ಸ್ವಲ್ಪ ತಗ್ಗುತ್ತದೆ.

ಅವರ ಮನೆಯದು ಇನ್ನೊಂದು ಮಜಾ. ಒಂದೇ ಕೋಣೆ, ಒಂದೇ ಮಂಚ, ಎರಡು ಪಾಳಿ. ಮಗ ಲಾರಿಯ ಜತೆ ಊರೂರು ಸುತ್ತುತ್ತಾನೆ. ಸೊಸೆಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ರಾತ್ರಿ ಪಾಳಿ. ಅತ್ತೆ ಎದ್ದು ಹೊರಡುವ ಹೊತ್ತಿಗೆ ಸೊಸೆ ಬಂದು ಅದೇ ಬೆಚ್ಚನೆಯ ಹಾಸಿಗೆಗೆ ಬೀಳುತ್ತಾಳೆ. ಅತ್ತೆ-ಸೊಸೆ ಜಗಳವಾಡಲು ಕೂಡ ಪುರುಸೊತ್ತಿಲ್ಲದ ಸಂಸಾರ. ಇಬ್ಬರೂ ಎದುರಾಗುವುದು ಬಾಗಿಲಲ್ಲಿ ಮಾತ್ರ. ಇವತ್ತು ಆ ಬಾಗಿಲಲ್ಲೇ ಸೊಸೆ, ಲಾಂಡ್ರಿಯವರು ಕೊಟ್ಟ ಕ್ರೀಮಿನ ಟ್ಯೂಬ್ ಹಿಡಿದು “ಅತ್ತೆ, ಕೈ ಕೊಡಿ” ಎಂದಿದ್ದಾಳೆ. ಅತ್ತೆ ಕೈ ಕೊಟ್ಟಿದ್ದಾರೆ. ಆ ಕೈಯೇ ಈಗ ಕೈ ಕೊಡಲಿದೆ.

ಯಜಮಾನಿ ಬರುವ ಮುಂಚೆ ಯೀಸ್ಟಪ್ಪ ಒಮ್ಮೆ ಪರೀಕ್ಷೆಗೆಂದು ಗೋಧಿ ಬಿಯರನ್ನು ಲೋಟಕ್ಕೆ ಬಿಡುತ್ತಾನೆ. ನೊರೆ ಏಳುತ್ತದೆ, ಹಾಗೇ ಕುಸಿಯುತ್ತದೆ. ಕಿತ್ತಳೆಯದೂ ಅಷ್ಟೆ. ಕಪ್ಪನೆಯದಂತೂ ಹಳಸಿದ ಕಷಾಯದಂತೆ ಸುಮ್ಮನೆ ಕೂತಿದೆ. ಬಿಯರ್ ಲೋಕದಲ್ಲಿ ನೊರೆಯೇ ದೊರೆ. ನೊರೆಯಿಲ್ಲದ್ದನ್ನು ಆ ಯಜಮಾನಿ ಮೂಸಿಯೂ ನೋಡುವುದಿಲ್ಲ.

“ಹೊಸ ಮೂಟೆ ಬಾರ್ಲಿ!” ಎಂದು ಯೀಸ್ಟಪ್ಪ ಹಣೆ ಚಚ್ಚಿಕೊಳ್ಳುತ್ತಾನೆ. “ಮೂರಕ್ಕೂ ಅದನ್ನೇ ಹಾಕಿದ್ದೆ. ಹಾಳಾದ್ದು, ಮೂರನ್ನೂ ತಿಂದುಬಿಡ್ತು. ಮೇಡಂಗೆ ಬರ್ಬೇಡಿ ಅಂತ ಹೇಳ್ತೀನಿ. ಎಲ್ಲಾ ಮೋರಿಗೆ ಬಿಟ್ಟುಬಿಡೋಣ.”

ಒಂದು ಕೈ ಫೋನಿನ ಮೇಲೆ, ಇನ್ನೊಂದು ತೊಟ್ಟಿಯ ಅಡಿಯ ತಿರುಪಿನ ಮೇಲೆ. ಬಾರ್ಲಿಯನ್ನು ಬೈಯುತ್ತಾನೆ, ಬಾರ್ಲಿ ಮಾರಿದವನನ್ನು ಬೈಯುತ್ತಾನೆ, ತನ್ನನ್ನೂ ಬೈದುಕೊಳ್ಳುತ್ತಾನೆ. ಲೋಟದ ಮೇಲೆ ಅನುಮಾನ ಅವನ ತಲೆಗೆ ಸುಳಿಯುವುದೇ ಇಲ್ಲ. ಅದು ಲೋಟದಮ್ಮನ ಲೋಟ!

ಲೋಟದಮ್ಮ ತಮ್ಮ ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿ ನೋಡಿಕೊಳ್ಳುತ್ತಾರೆ. ಜಾರುತ್ತದೆ. ಇನ್ನೊಮ್ಮೆ ತಿಕ್ಕುತ್ತಾರೆ. ಸುಮ್ಮನಿದ್ದರೆ ತಪ್ಪು ಬಾರ್ಲಿಯ ಹೆಗಲಿಗೆ ಹೋಗುತ್ತದೆ. ಬಾರ್ಲಿ ಬಂದು ಸಾಕ್ಷಿ ಹೇಳುವುದಿಲ್ಲ. ಬಾಯಿ ಬಿಟ್ಟರೆ, ಕೈಯ ದೆಸೆಯಿಂದ ಒಮ್ಮೆ ಹೋದ ಕೆಲಸ ಇನ್ನೊಮ್ಮೆ ಹೋಗಬಹುದು.

“ಯೀಸ್ಟಪ್ಪ, ಫೋನ್ ಕೆಳಗಿಡಪ್ಪ. ಬಾರ್ಲಿದಲ್ಲ, ನಂದು.”

“ಏನ್ ನಿಮ್ದು?”

“ಕೈ. ಸೊಸೆ ಕ್ರೀಮ್ ಹಚ್ಚಿದ್ಲು. ವಾಸ್ನೆ ಇಲ್ವಲ್ಲ, ಏನಾಗುತ್ತೆ ಅಂತ ಹಚ್ಚಿಸ್ಕೊಂಡೆ. ಜಿಡ್ಡು ಬಟ್ಟೆಗೆ ಹತ್ತಿದೆ, ಬಟ್ಟೆಯಿಂದ ಎಲ್ಲಾ ಲೋಟಕ್ಕೂ ಹತ್ತಿದೆ. ಜಿಡ್ಡಿದ್ರೆ ನೊರೆ ನಿಲ್ಲಲ್ಲ. ಕಿರ್ರ್ ಅನ್ಲಿಲ್ಲ ಅವು. ನಾನೇ ತಮಾಷೆ ಮಾಡ್ಕೊಂಡು ಬಿಟ್ಟುಬಿಟ್ಟೆ.”

ಯೀಸ್ಟಪ್ಪ ಅಟ್ಟದಿಂದ ಹೊಸ ಲೋಟವೊಂದನ್ನು ಇಳಿಸಿ, ತೊಳೆದು, ಕಪ್ಪು ಬಿಯರನ್ನು ಬಿಡುತ್ತಾನೆ. ನೊರೆ ಏಳುತ್ತದೆ. ಇಬ್ಬರೂ ಉಸಿರು ಹಿಡಿದು ಕಾಯುತ್ತಾರೆ. ನೊರೆ ಇಳಿಯುವುದೇ ಇಲ್ಲ, ಹೊಸ ದಿಂಬಿನ ಹಾಗೆ ಉಬ್ಬಿಕೊಂಡೇ ಇದೆ. ಅವನು ನೆಲದ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾನೆ. “ಬದುಕಿಸಿದ್ರಿ ಅಮ್ಮ! ನಾನು ಮೂರೂ ತೊಟ್ಟಿ ಮೋರಿಗೆ ಬಿಡ್ತಿದ್ದೆ!”

ಮುಂದಿನದು ತಮಾಷೆಯ ದೃಶ್ಯ. ಯಜಮಾನ ಯೀಸ್ಟಪ್ಪ ಅಂಗಿಯ ತೋಳು ಮಡಚಿ ಲೋಟ ತೊಳೆಯುತ್ತಾನೆ. ಲೋಟದಮ್ಮ ಕೈ ಹಿಂದೆ ಕಟ್ಟಿಕೊಂಡು ಮಗ್ಗಿ ಒಪ್ಪಿಸಿಕೊಳ್ಳುವ ಮೇಷ್ಟ್ರಂತೆ ನಿಲ್ಲುತ್ತಾರೆ. “ಕಿರ್ರ್ ಅಂತಾ?” “ಅಂತು.” “ನಂಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ.”

ಪಬ್ಬಿನ ಯಜಮಾನಿ ಬಂದು ಗೋಧಿಯದಕ್ಕೆ ಪರವಾಗಿಲ್ಲ ಎಂಬಂತೆ ತಲೆಯಾಡಿಸುತ್ತಾರೆ, ಕಿತ್ತಳೆಯದಕ್ಕೆ ಮೂಗು ಮುರಿಯುತ್ತಾರೆ. ಕಪ್ಪನೆಯದನ್ನು ಎತ್ತಿದವರು ಕೆಳಗಿಡುವುದು ಲೋಟ ಖಾಲಿಯಾದ ಮೇಲೆ. ಮೇಲ್ತುಟಿಯಲ್ಲಿ ನೊರೆಯ ಬಿಳಿಮೀಸೆ ಹೊತ್ತುಕೊಂಡೇ “ಒಂದು ನಲ್ಲಿ ನಿಂದು ಕಣಯ್ಯ” ಎನ್ನುತ್ತಾರೆ. ಆ ಗಾಂಭೀರ್ಯದ ಮುಂದೆ ನಗಲು ಯಾರಿಗೂ ಧೈರ್ಯವಿಲ್ಲ.

ಅವರು ಹೋದ ಮೇಲೆ ಲೋಟದಮ್ಮ, ಸೊಸೆ ಚೀಲಕ್ಕೆ ಹಾಕಿ ಕಳಿಸಿದ್ದ ಕ್ರೀಮಿನ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಲು ಹೊರಟರೆ ಯೀಸ್ಟಪ್ಪ ಕಿತ್ತುಕೊಳ್ಳುತ್ತಾನೆ. ಹೊರಬಾಗಿಲ ಪಕ್ಕ ಮೊಳೆ ಹೊಡೆದು, ದಾರ ಕಟ್ಟಿ ಅಲ್ಲೇ ತೂಗುಹಾಕುತ್ತಾನೆ. ಒಳಗೆ ಬರುವಾಗ ಮುಟ್ಟುವಂತಿಲ್ಲ, ಮನೆಗೆ ಹೋಗುವಾಗ ಹಚ್ಚಿಕೊಳ್ಳದೆ ಹೋಗುವಂತಿಲ್ಲ.

“ಬೈಲಿಲ್ಲ ಅನ್ನೋದು ದೊಡ್ಡದಲ್ಲ” ಎನ್ನುತ್ತಾರೆ ಲೋಟದಮ್ಮ, ಆ ಟ್ಯೂಬಿನ ಕಡೆ ನೋಡುತ್ತಾ. “ಬಾರ್ಲಿನ ಬೈದ, ತನ್ನನ್ನೇ ಬೈಕೊಂಡ. ನನ್ನ ಲೋಟನ ಮಾತ್ರ ಒಂದು ಮಾತೂ ಅನ್ಲಿಲ್ಲ ನೋಡಿ. ಅದು ದೊಡ್ಡದು.”

ನಡೆದದ್ದನ್ನು ಸೊಸೆಗೆ ಹೇಳುತ್ತೀರಾ ಎಂದು ಕೇಳುತ್ತೇನೆ.

“ಹೇಳ್ದೆ ಇರ್ತೀನಾ? ಸಂಜೆ ಬಾಗ್ಲಲ್ಲಿ ಸಿಗ್ತಾಳಲ್ಲ. ಮೊದ್ಲು ಹೆದರ್ತಾಳೆ, ಆಮೇಲೆ ನಗ್ತಾಳೆ.” ತಮ್ಮ ಅಂಗೈ ನೋಡಿಕೊಂಡು ಸೇರಿಸುತ್ತಾರೆ: “ಅವಳ ಕೈನೂ ನನ್ನ ಹಂಗೇ ಒಡ್ದಿದೆ. ಒಂದಿನ ಇಬ್ರಿಗೂ ಒಟ್ಟಿಗೆ ರಜಾ ಸಿಗ್ಬೇಕು. ನಾನು ಲೋಟ ಮುಟ್ಟೋ ಹಂಗಿರ್ಬಾರ್ದು, ಅವಳು ನೀರು ಮುಟ್ಟೋ ಹಂಗಿರ್ಬಾರ್ದು. ಮಂಚದ ಮೇಲೆ ಕೂರಿಸ್ಕೊಂಡು, ‘ಕೈ ಕೊಡೇ’ ಅಂತ ನಾನು ಕೇಳ್ಬೇಕು.”