ಸುಮ್ಮನಿದ್ದವರ ಒಪ್ಪಿಗೆ

ತೇರಗಾಂವಕ್ಕೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆಗೆದೆ. ಆಕಾಶ ನೆಲಕ್ಕೆ ತಾಗುವವರೆಗೂ ಕಾಣುತ್ತಿತ್ತು. ನಡುವೆ ಒಂದು ಮರವಿಲ್ಲ, ಗುಡ್ಡವಿಲ್ಲ. ಕಟಾವು ಮುಗಿದ ಕಬ್ಬಿನ ಹೊಲ, ಅದರಾಚೆ ಇನ್ನೊಂದು ಹೊಲ. ತಲೆ ತಿರುಗಿ ಹೊಸ್ತಿಲ ಮೇಲೇ ಕುಳಿತೆ. ಅರವತ್ತು ವರ್ಷ ಕಾಡಿನಲ್ಲಿದ್ದು ಹುಲಿ ಹೆಜ್ಜೆ ನೋಡಿ ಆಗದ ಭಯ ಆ ಬಯಲು ನೋಡಿ ಆಯಿತು. ಕಾಡಿನಲ್ಲಿ ಬರುವವರ ಸಪ್ಪಳ ಮೊದಲು ಕೇಳುತ್ತದೆ, ಮುಖ ಆಮೇಲೆ ಕಾಣುತ್ತದೆ. ಇಲ್ಲಿ ಮುಖ ಹರದಾರಿ ದೂರದಿಂದಲೇ ಕಾಣುತ್ತದೆ. ಯಾಕೆ ಬಂದರು ಎಂಬುದು ಮಾತ್ರ ಅವರು ಎದ್ದು ಹೋದ ಮೇಲೂ ತಿಳಿಯುವುದಿಲ್ಲ.

ನಮ್ಮದು ಜೋಯಿಡಾ ತಾಲೂಕು. ಕುಂಬಾರವಾಡದಿಂದ ಮುಂದೆ ಎರಡು ಹಳ್ಳ ದಾಟಿದರೆ ನಮ್ಮ ವಾಡಾ, ಅಂದರೆ ನಾವು ಕುಣಬಿಗಳಷ್ಟೇ ಇರುವ ಸಣ್ಣ ಕೇರಿ. ಕಾಡು ಬಿಟ್ಟು ಬರುವವರಿಗೆ ಸರಕಾರದ ಪರಿಹಾರ ಸಿಗುತ್ತದೆ ಎಂದಾಗ ಅರ್ಧ ವಾಡಾ ಎದ್ದಿತು, ಅರ್ಧ ಕೂತಿತು. ನನ್ನ ಮಗ ಎದ್ದವರ ಪೈಕಿ. ಮಗಳು ಶೆವಂತಿಯ ಗಂಡ ಕೂತವರ ಪೈಕಿ. ಹೀಗೆ ಮೂರು ವರ್ಷದ ಹಿಂದೆ ನಾನು ಹಳಿಯಾಳ ತಾಲೂಕಿನವಳಾದೆ. ಓದಿದ್ದು ಮೂರನೇ ಇಯತ್ತೆ. ಬರೆದದ್ದರಲ್ಲಿ ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಇಲ್ಲಿಯ ಮನೆಗೆ ಸಿಮೆಂಟಿನ ಗೋಡೆ, ತಗಡಿನ ಮಾಡು, ಬಾಗಿಲಿಗೆ ಬೀಗ. ವಾಡಾದಲ್ಲಿ ಬಾಗಿಲಿಗೆ ಒಂದು ತಟ್ಟಿ ಇತ್ತು, ಅದೂ ನಾಯಿಗಾಗಿ. ಇಲ್ಲಿ ಬೀಗ ಹಾಕದೆ ಹೋದರೆ ಮಗ ಬೈಯುತ್ತಾನೆ. ಪಕ್ಕದ ಮನೆಯ ಬಸವ್ವ ಮೊದಲ ವಾರವೇ ರೊಟ್ಟಿ ಬಡಿಯುವುದನ್ನು ಕಲಿಸಲು ಬಂದಳು. ಲಿಂಗಾಯತರ ಹೆಂಗಸು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ನಾವು ಅನ್ನ, ಅಂಬಲಿ, ಮುಡ್ಲಿ ತಿಂದು ಬೆಳೆದವರು. ಮುಡ್ಲಿ ಎಂದರೆ ನಮ್ಮ ಕಡೆಯ ದೊಡ್ಡ ಕೆಸುವಿನ ಗಡ್ಡೆ. ಜೋಳದ ಹಿಟ್ಟು ನನ್ನ ಕೈಗೆ ಅಂಟಿತೇ ಹೊರತು ದುಂಡಗಾಗಲಿಲ್ಲ.

"ಗಂಗವ್ವ, ಇದು ರೊಟ್ಟಿ ಅಲ್ಲಬೇ, ಗೋವಾದ ನಕಾಶಿ," ಎಂದಳು ಬಸವ್ವ.

"ಹೊಟ್ಟ್ಯಾಗ ಹೋದ ಮ್ಯಾಲ ದುಂಡಗೈತೋ ಸೊಟ್ಟೈತೋ ಯಾರು ನೋಡ್ತಾರ?" ಎಂದೆ.

ವಾಡಾದಲ್ಲಿ ನಾನು ಗಂಗಾಯಿ. ಇಲ್ಲಿ ಗಂಗವ್ವ. ಹೆಸರು ಬದಲಿಸುವಾಗ ಯಾರೂ ನನ್ನನ್ನು ಕೇಳಲಿಲ್ಲ.

ಒಂದು ದಿನ ಅದೇ ಬಸವ್ವ, "ನಿಮ್ಮ ಹಿತ್ತಲ ಖಾಲಿ ಐತಿ, ನಮ್ಮ ಕಟಗಿ ಒಟ್ಟಲೇನು?" ಎಂದು ಕೇಳಿದಳು. ನಾನು ನೆಲ ನೋಡುತ್ತ ಸುಮ್ಮನಿದ್ದೆ. ಮರುದಿನ ಹಿತ್ತಲ ತುಂಬ ಅವರ ಜಾಲಿ ಕಟ್ಟಿಗೆ. ಯಾಕೆಂದು ಕೇಳಿದರೆ, "ನೀ ಬ್ಯಾಡ ಅನಲಿಲ್ಲಲ್ಲ?" ಎಂದಳು. ಆಗ ಅವಳಿಗೆ ನಮ್ಮ ರೀತಿ ಹೇಳಬೇಕಾಯಿತು. ವಾಡಾದಲ್ಲಿ ಕೇಳಲು ಬಂದವರ ಮುಖಕ್ಕೆ ಬೇಡ ಎನ್ನುವುದಿಲ್ಲ. ಹತ್ತು ಜನ ಕೂತಲ್ಲಿ ಒಂದು ಮಾತು ಬಂದು ಎಲ್ಲರೂ ಸುಮ್ಮನಾದರೆ ಆ ಮಾತು ಅಲ್ಲಿಗೆ ಸತ್ತಿತು. ವಾಡಾದ ಹಿರಿಯನನ್ನು ಬುಧವಂತ ಎನ್ನುತ್ತೇವೆ. ಅವನು "ಇನ್ನೊಮ್ಮೆ ಕೂಡೋಣ" ಎಂದು ಏಳುತ್ತಾನೆ. ಒಪ್ಪಿಗೆಯಿದ್ದರೆ ಎಲ್ಲರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ. ಯಾರು ಹೋಗಬೇಕು, ಯಾವಾಗ, ಯಾರ ಕೊಡಲಿ ಒಯ್ಯಬೇಕು ಎಂದು ಜಗಳವೇ ಆಗುತ್ತದೆ. ಜಗಳ ಕೇಳಿಸಿದರೆ ಕೆಲಸವಾಯಿತು ಎಂದು ತಿಳಿಯಬೇಕು.

ಬಸವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹಂಗಾರ ನನ್ನ ಗಂಡ ನಲವತ್ತ ವರ್ಸ ನಾ ಹೇಳಿದ್ದಕ್ಕೆಲ್ಲ ಬ್ಯಾಡ ಅಂದಾನ ಬಿಡು!"

ನಾನೂ ನಕ್ಕೆ. ನಗುವಂಥದ್ದಾಗಿರಲಿಲ್ಲ ಅದು.

ಹಳಿಯಾಳದಲ್ಲಿ ಒಂದು ಸಂಸ್ಥೆಯ ಕಚೇರಿಯಿದೆ. ಹೆಸರು ಬರೆಯುವುದಿಲ್ಲ. ದೂರದ ಊರುಗಳ ದಾನಿಗಳ ನೆರವಿನಿಂದ ಪ್ರತಿ ಸೋಮವಾರ ನಮ್ಮ ವಾಡಾಕ್ಕೆ ಔಷಧಿಯ ವ್ಯಾನು ಕಳಿಸುತ್ತಿದ್ದರು. ಅಲ್ಲಿಯ ಮುಖ್ಯಸ್ಥೆ ಮಧುರಾ ಮೇಡಂ, ಧಾರವಾಡದವರು. ನಾನು ವಾಡಾದ ಸೂಲಗಿತ್ತಿಯಾಗಿದ್ದೆ ಎಂದು ಯಾರೋ ಹೇಳಿದ್ದಕ್ಕೆ ನನ್ನನ್ನು ಕಚೇರಿಗೆ ಕರೆಸಿದರು.

"ಅಜ್ಜಿ, ಕಾಡಿನ ಜನರ ಆರೋಗ್ಯದ ನಿರ್ಣಯ ಕಾಡಿನ ಜನಾನ ಮಾಡಬೇಕು ಅಂತ ದಾನಿಗಳು ಹೇಳ್ಯಾರ್ರೀ. ಅದಕ್ಕ ಒಂದು ಸಮಿತಿ ಮಾಡೇವಿ. ನೀವು ಅಧ್ಯಕ್ಷರಾಗ್ರಿ."

"ನಾ ಈಗ ಕಾಡಿನ್ಯಾಗ ಇಲ್ಲಲ್ರೀ."

"ಅದು ಇನ್ನೂ ಛಲೋ ಆತು. ಕರದ ಕೂಡ್ಲೆ ಬರಾಕ ಅನುಕೂಲ ಆಗತೈತಿ."

ಆಗಲೇ ಎದ್ದು ಬರಬೇಕಿತ್ತು. ಬರಲಿಲ್ಲ. ಕೈಯಿರುವ ಕುರ್ಚಿ ಕೊಟ್ಟಿದ್ದರು, ಬೆನ್ನಿಗೆ ಹಿತವಾಗಿತ್ತು. ಈ ಸೀಮೆಗೆ ಬಂದ ಮೇಲೆ ನಿನಗೇನನ್ನಿಸುತ್ತದೆ ಎಂದು ನನ್ನನ್ನು ಕೇಳಿದವರು ಅವರೊಬ್ಬರೇ.

ಮೊದಲ ವರ್ಷ ಚೆನ್ನಾಗಿಯೇ ನಡೆಯಿತು. ವ್ಯಾನು ವಾಡಾದ ಶಾಲೆಯ ಮುಂದೆ ನಿಲ್ಲುತ್ತಿತ್ತು. ಹೆಂಗಸರು ಬರುವುದಿಲ್ಲ, ತಿಳಿವಳಿಕೆ ಕಡಿಮೆ ಎಂದು ಕಚೇರಿಯವರು ಬರೆದುಕೊಂಡಿದ್ದರು. ಶಾಲೆಯ ಕಟ್ಟೆಯ ಮೇಲೆ ಇಡೀ ದಿನ ಗಂಡಸರು ಕೂತಿರುತ್ತಾರೆ, ಅವರೆದುರು ಯಾವ ಹೆಂಗಸು ಹೊಟ್ಟೆ ತೋರಿಸುತ್ತಾಳೆ ಎಂದು ಕೇಳಿದೆ. ಬಟ್ಟೆ ಒಗೆಯುವ ಹಳ್ಳದ ಹತ್ತಿರ ನಿಲ್ಲಿಸಿ ಎಂದೆ. ನಿಲ್ಲಿಸಿದರು. ಮುಂದಿನ ಸೋಮವಾರ ಹೆಂಗಸರು ಬುಟ್ಟಿ ಹೊತ್ತು ಸಾಲಾಗಿ ನಿಂತಿದ್ದರಂತೆ. ಅಧ್ಯಕ್ಷಳಾಗಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಈ ಬೇಸಿಗೆಯಲ್ಲಿ ದೊಡ್ಡ ಸಭೆ ಕರೆದರು. ವಾಡಾದಿಂದ ಬುಧವಂತ ದೇವು, ಶೆವಂತಿ, ಇನ್ನೂ ನಾಲ್ಕೈದು ಜನ ಬಂದಿದ್ದರು. ಮೇಡಂ ಗೋಡೆಯ ಮೇಲೆ ಚಿತ್ರ ತೋರಿಸಿದರು. ದಾಂಡೇಲಿ ರಸ್ತೆಯಲ್ಲಿ ಒಂದು ಸ್ವಾಸ್ಥ್ಯ ಕೇಂದ್ರ ಕಟ್ಟುತ್ತಾರಂತೆ. ಯೋಗಕ್ಕೆ ದೊಡ್ಡ ಕೋಣೆ, ಗಿಡಮೂಲಿಕೆಯ ತೋಟ, ದಾನಿಗಳ ಹೆಸರಿನ ಕಲ್ಲು. ವ್ಯಾನು ನಿಲ್ಲುತ್ತದೆ. ಜನ ಬಸ್ಸು ಹತ್ತಿ ಕೇಂದ್ರಕ್ಕೆ ಬರಬೇಕು. ಆ ಬಸ್ಸು ಕುಂಬಾರವಾಡಕ್ಕೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಮಳೆಗಾಲದಲ್ಲಿ ವಾಡಾದಿಂದ ಬಸ್ಸಿನವರೆಗೆ ಹೋಗಲು ಎರಡು ಹಳ್ಳ ಅಡ್ಡ. ವ್ಯಾನು ನೀರು ಇಳಿದಾಗ ಹೇಗೋ ದಾಟಿ ಬರುತ್ತಿತ್ತು, ಬಸುರಿ ನಡೆದು ದಾಟಲಾರಳು.

"ಎಲ್ಲಾರಿಗೂ ಒಪ್ಪಿಗಿ ಐತೇನ್ರೀ?" ಎಂದು ಮೇಡಂ ಕೇಳಿದರು.

ಎಲ್ಲರೂ ನೆಲ ನೋಡಿದರು. ಶೆವಂತಿ ಸೆರಗಿನ ಅಂಚು ತಿರುಚುತ್ತ ಕೂತಿದ್ದಳು. ನಾನೂ ನೆಲ ನೋಡಿದೆ. ಮೂರು ವರ್ಷ ಬಯಲಿನಲ್ಲಿದ್ದವಳು, ಕಟ್ಟಿಗೆಯ ರಾಶಿಯಿಂದ ಪಾಠ ಕಲಿತವಳು, ನನಗೆ ಗೊತ್ತಿರಬೇಕಿತ್ತು. ಆದರೆ ನಮ್ಮವರ ಸಾಲಿನಲ್ಲಿ ಕೂತ ಕೂಡಲೇ ನನ್ನ ನಾಲಿಗೆ ವಾಡಾದ ನಾಲಿಗೆಯಾಯಿತು. ಮಾತು ಸತ್ತಿತು ಎಂದು ಸಮಾಧಾನವೂ ಆಯಿತು. ದೇವು ಎದ್ದು, "ಇನ್ನೊಮ್ಮೆ ಕೂಡೂಣ್ರೀ," ಎಂದ. ಕಚೇರಿಯವರು ಚಪ್ಪಾಳೆ ತಟ್ಟಿದರು. ಒಂದು ಪುಸ್ತಕ ನನ್ನ ಮುಂದೆ ಬಂತು. ಬಂದದ್ದಕ್ಕೆ ಹಾಜರಿ ಎಂದುಕೊಂಡು ಸಹಿ ಹಾಕಿದೆ. ಕಾಗದಕ್ಕೆ ಸಹಿ ಹಾಕುವ ಪ್ರಸಂಗ ಬಂದದ್ದೇ ಇಲ್ಲಿಗೆ ಬಂದ ಮೇಲೆ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಎರಡು ವಾರದ ನಂತರ ವ್ಯಾನಿನ ನರ್ಸು ರೇಶ್ಮಾ ಸಂತೆಯಲ್ಲಿ ಸಿಕ್ಕಳು. "ನಾನಿ, ನಿಮ್ಮ ಮೊಮ್ಮಗಳಿಗೆ ಬಿ.ಪಿ. ಏರಾಕತ್ತೈತಿ. ಕಾಲು ಬಾತಾವು. ವಾರಾ ವಾರಾ ನೋಡಬೇಕು. ಮುಂದಿನ ಸೋಮವಾರನ ಕಡೀದು, ಆಮ್ಯಾಲ ವ್ಯಾನ ಬಂದ್ ಅಂತಾರ, ಮುಂದ ಯಾರು ನೋಡ್ತಾರ?"

ಮೊಮ್ಮಗಳು ಎಂದರೆ ಶೆವಂತಿಯ ಮಗಳು ಸುಮಿತ್ರಾ. ಚೊಚ್ಚಲು, ಏಳು ತಿಂಗಳು, ಹೆರಿಗೆಗೆಂದು ತವರಿಗೆ ಬಂದವಳು. ನನ್ನ ಕೈಯಲ್ಲಿ ಎಷ್ಟೋ ಮಕ್ಕಳು ಹುಟ್ಟಿವೆ. ಹೀಗೆ ಕಾಲು ಬಾತು, ಮುಖ ಬಾತು, ತಲೆನೋವು ಎಂದ ಇಬ್ಬರನ್ನು ನೋಡಿದ್ದೇನೆ. ಇಬ್ಬರೂ ಉಳಿಯಲಿಲ್ಲ. ಅದಕ್ಕೆ ನನ್ನ ಬೇರಿನಲ್ಲಿ ಔಷಧವಿಲ್ಲ, ನನ್ನ ಕೈಯಲ್ಲಿ ಏನೂ ಇಲ್ಲ.

ಸಂತೆಯ ಚೀಲ ಹೊತ್ತುಕೊಂಡೇ ಕಚೇರಿಗೆ ಹೋದೆ. ಮೇಡಂ ಪುಸ್ತಕ ತೆಗೆದು ತೋರಿಸಿದರು. ಸರ್ವಾನುಮತ ಎಂದು ಬರೆದಿತ್ತು. ಕೆಳಗೆ ನನ್ನ ಸೊಟ್ಟ ಸಹಿ.

"ನಾ ಹೂಂ ಅಂದಿಲ್ಲ," ಎಂದೆ.

"ಬ್ಯಾಡ ಅಂತೂ ಯಾರೂ ಅನಲಿಲ್ಲಲ್ರೀ ಅಜ್ಜಿ."

"ನಾವು ಅಷ್ಟೂ ಮಂದಿ ಬ್ಯಾಡ ಅಂದೇವಿ. ನಿಮಗ ಕೇಳಸಲಿಲ್ಲ."

ಮೇಡಂ ಮುಖ ಬಿಳುಚಿಕೊಂಡಿತು. ಕೆಟ್ಟವರಲ್ಲ ಅವರು. ಠರಾವು ದಾನಿಗಳಿಗೆ ಹೋಗಿದೆ, ಅವರು ಮಂಜೂರು ಮಾಡಿದ್ದಾರೆ, ಮುಂದಿನ ಸಭೆ ಮೂರು ತಿಂಗಳಿಗೆ, ಅಲ್ಲಿ ಇಡೋಣ ಎಂದರು. ಮೂರು ತಿಂಗಳಿಗೆ ಆ ಮಗು ಹುಟ್ಟಿರುತ್ತದೆ ಅಥವಾ ಹುಟ್ಟಿರುವುದಿಲ್ಲ ಎಂದು ಹೇಳಿ ಎದ್ದೆ.

ಕೊನೆಯ ಸೋಮವಾರ ವ್ಯಾನಿನಲ್ಲಿ ನಾನೂ ಹತ್ತಿದೆ. ಅಧ್ಯಕ್ಷಳನ್ನು ಇಳಿಸುವ ಧೈರ್ಯ ಡ್ರೈವರನಿಗಿರಲಿಲ್ಲ. ದಾಂಡೇಲಿ ದಾಟಿ ಮರಗಳು ಕೂಡಿಕೊಂಡಾಗ ಹಿಂದೆಲ್ಲ ಎದೆ ತಂಪಾಗುತ್ತಿತ್ತು. ಆ ದಿನ ದಾರಿ ಇಕ್ಕಟ್ಟಾಗುತ್ತ ಹೋದಂತೆ ಕಿಟಕಿ ಪೂರ್ತಿ ತೆಗೆಸಿದೆ. ಮೋಡ ಕಟ್ಟಿತ್ತು, ಗಾಳಿಯೇ ಇರಲಿಲ್ಲ. ಒಂದು ಹಕ್ಕಿಯೂ ಕೂಗಲಿಲ್ಲ.

ಸುಮಿತ್ರಾ ಶೆವಂತಿಯ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದಳು. ಬೆರಳಿಟ್ಟು ಒತ್ತಿದರೆ ಕಾಲಿನಲ್ಲಿ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ರೇಶ್ಮಾ ಬಿ.ಪಿ. ನೋಡಿದಳು, ಇನ್ನೊಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಇವತ್ತ, ಈಗ, ಹಳಿಯಾಳಕ್ಕ ಒಯ್ಯಬೇಕು," ಎಂದಳು.

ವಾಡಾದ ಮಾತು ಕೊಂಕಣಿ. ಓದುವವರಿಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

"ಸಹಿ ಮಾಡಿ ವ್ಯಾನ ಕಿತ್ಗೊಂಡಿ," ಎಂದಳು ಶೆವಂತಿ. "ಈಗ ನನ್ನ ಮಗಳನ್ನೂ ಒಯ್ಯಾಕ ಬಂದಿ."

"ನೀನೂ ಅಲ್ಲೇ ಕುಂತಿದ್ದಿ. ನೀ ಯಾಕ ಬಾಯಿ ಬಿಡಲಿಲ್ಲ?"

"ನನಗ ಅವರ ರೀತಿ ಗೊತ್ತಿಲ್ಲ, ಆಯಿ. ನಿನಗ ಗೊತ್ತಿತ್ತು."

ಜನ ಕೂಡಿದರು. ಬುಧವಂತ ದೇವು ಬಂದು ಕೂತ. ಅಳಿಯ, ಸುಮಿತ್ರಾಳ ಅಪ್ಪ, ಕಂಬಕ್ಕೆ ಒರಗಿ ನಿಂತ. ಹುಡುಗಿಯನ್ನು ಒಯ್ಯುತ್ತೇನೆ, ಇಲ್ಲಿದ್ದರೆ ಸಾಯುತ್ತಾಳೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಒಬ್ಬರೂ ಮಾತಾಡಲಿಲ್ಲ. ಎಲ್ಲರೂ ನೆಲ ನೋಡಿದರು. ದೇವು ಎದ್ದು, "ಇನ್ನೊಮ್ಮೆ ಕೂಡೂಣು," ಎಂದ.

ವಾಡಾದ ಹೆರಿಗೆ ವಾಡಾದಲ್ಲೇ ಆಗಬೇಕು, ಒಯ್ಯಬೇಡ ಎಂದು ಆ ಮೌನ ಹೇಳುತ್ತಿತ್ತು ಎಂಬುದು ಅಲ್ಲಿದ್ದ ನಾಯಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೇ ಗಟ್ಟಿಯಾಗಿ, "ಯಾರೂ ಬ್ಯಾಡ ಅನಲಿಲ್ಲ. ಅಂದಮ್ಯಾಲ ಎಲ್ಲಾರೂ ಒಪ್ಪಿದಂಗಾತು," ಎಂದೆ. ಸುಮಿತ್ರಾಳ ತೋಳಿಗೆ ಕೈಹಾಕಿ ಎಬ್ಬಿಸಿದೆ. ಅವಳು ನನ್ನ ಮುಖ ನೋಡಿದಳು, ಬಂದಳು. ಯಾರೂ ಅಡ್ಡ ಬರಲಿಲ್ಲ. ಮುಖಕ್ಕೆ ಬೇಡ ಎನ್ನುವುದು ಅವರಿಗೆ ತಿಳಿಯದು. ತಿಳಿಯದು ಎಂಬುದನ್ನೇ ನಾನು ಹಿಡಿದುಕೊಂಡೆ. ವ್ಯಾನು ತಿರುಗುವಾಗ ಶೆವಂತಿ ಒಳಗೆ ಹೋಗಿ ತಟ್ಟಿ ಎಳೆದುಕೊಂಡಳು.

ಇವತ್ತಿಗೆ ಆರು ದಿನ. ಸುಮಿತ್ರಾ ಹಳಿಯಾಳದ ದವಾಖಾನೆಯಲ್ಲಿದ್ದಾಳೆ. ಬಿ.ಪಿ. ಇಳಿಯುತ್ತದೆ, ಮತ್ತೆ ಏರುತ್ತದೆ. ಹುಬ್ಬಳ್ಳಿಗೆ ಕಳಿಸಬೇಕಾಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವಳ ಗಂಡ ಒಮ್ಮೆ ಬಂದು ಬಾಗಿಲಲ್ಲೇ ನಿಂತು ಹೋದ. ವಾಡಾದಿಂದ ಯಾರೂ ಬಂದಿಲ್ಲ. ಅಲ್ಲಿ ಮಳೆ ಹಿಡಿದಿದೆ, ಹಳ್ಳ ಏರಿದೆ ಎಂದು ಕೇಳಿದೆ. ಅಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದಾರೆ.

ಮೇಡಂ ಫೋಟೋ ತೆಗೆಯಲು ಬಂದಿದ್ದರು. "ಸಮುದಾಯದ ಮುಂದಾಳು ಅಂದ್ರ ಹಿಂಗಿರಬೇಕು ಅಂತ ದಾನಿಗಳಿಗೆ ಬರೀತೇನ್ರೀ."

"ಬರೀರಿ. ವ್ಯಾನ ಬೇಕು ಅಂದ್ಲು ಅಂತ ಬರೀರಿ. ಕೇಂದ್ರ ಬ್ಯಾಡ ಅಂತ ಬಾಯಿಬಿಟ್ಟು ಅಂದ್ಲು ಅಂತನೂ ಬರೀರಿ. ಬರದಾದ ಮ್ಯಾಲ ಓದಿ ತೋರಸ್ರಿ. ಆಮ್ಯಾಲ ಫೋಟೋ."

ಬರೆಯುತ್ತ ಕೂತರು. ಏನಾಗುತ್ತದೋ ನೋಡಬೇಕು. ಅಧ್ಯಕ್ಷಗಿರಿ ಬಿಟ್ಟುಬಿಡು ಎಂದು ಮಗ ಹೇಳುತ್ತಾನೆ. ಬಿಡುವುದಿಲ್ಲ. ಬಿಟ್ಟರೆ ಆ ಕುರ್ಚಿಯಲ್ಲಿ ನೆಲ ನೋಡುವ ಇನ್ನೊಬ್ಬಳನ್ನು ಕೂರಿಸುತ್ತಾರೆ. ಆದರೆ ಯಾರ ಪರವಾಗಿ ಕೂರುತ್ತೇನೋ ಅವರು ಈಗ ನನ್ನನ್ನು ತಮ್ಮವಳು ಎನ್ನುವುದಿಲ್ಲ. ಕಚೇರಿಯವರು ಹೇಗೆ ಮಾಡಿದರೋ ಹಾಗೇ ನಾನೂ ಮಾಡಿದೆ. ಹುಡುಗಿ ಬದುಕಿದರೂ ಅದು ಅಳಿಸುವುದಿಲ್ಲ.

ನಮ್ಮಲ್ಲಿ ಮಗು ಹುಟ್ಟಿದ ಮೇಲೆ ಮಾಸನ್ನು ಮನೆಯ ಹಿತ್ತಲಲ್ಲಿ ಹೂಳುತ್ತಾರೆ. ಎಲ್ಲಿ ಹೂಳಿದರೋ ಮಗು ಅಲ್ಲಿಯದು. ಬಸವ್ವನಿಗೂ ಅದು ಗೊತ್ತು. ಇವತ್ತು ದವಾಖಾನೆಗೆ ಬುತ್ತಿ ತಂದವಳು ಮೆಲ್ಲಗೆ ಕೇಳಿದಳು.

"ವಾಡಾದವರು ನಿನ್ನ ಒಳಗ ಬಿಡ್ತಾರೋ ಇಲ್ಲೋ. ನಿಮ್ಮ ಹಿತ್ತಲದಾಗ ಒಂದು ಗುಂಡಿ ತೋಡಿಸಿ ಇಡಲೇನು, ಗಂಗವ್ವ?"

"ಬ್ಯಾಡ," ಎಂದೆ, ಅವಳ ಮುಖ ನೋಡಿಯೇ. "ಮೊದಲ ಇಬ್ಬರೂ ಉಳೀಲಿ. ಎಲ್ಲಿಯವರು ಅನ್ನೂದು ಆಮ್ಯಾಲ ನೋಡೂಣು."