ಕಪ್ಪಾಗುತ್ತ ಹೋದ ಚುಕ್ಕಿಗಳು

ಜಲಜಕ್ಕನ ಕಣ್ಣು ಮಂಕಾಗುತ್ತಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಅವರ ಗಂಡನಿಗಿಂತ ಮೊದಲು, ಡಾಕ್ಟರಿಗಿಂತ ಮೊದಲು, ಸ್ವತಃ ಅವರಿಗಿಂತಲೂ ಮೊದಲು. ಎಂಟು ತಿಂಗಳು ಅದನ್ನು ಮುಚ್ಚಿಟ್ಟೆ. ಮುಚ್ಚಿಟ್ಟೆ ಅಂದರೆ ಸಾಲದು — ಅವರಿಗೆ ಗೊತ್ತೇ ಆಗದ ಹಾಗೆ ತಿಂಗಳು ತಿಂಗಳೂ ಕೈಯಾರೆ ನೋಡಿಕೊಂಡೆ. ಇದನ್ನು ಬರೆಯುವಾಗ ಈಗಲೂ ನಂಬಲಾಗುವುದಿಲ್ಲ. ನಾನಾ ಇದನ್ನು ಮಾಡಿದ್ದು ಎಂದು...

ಬಣಕಲ್ಲಿನಲ್ಲಿ ಬಸ್ಸು ನಿಲ್ಲುವ ಕಡೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ತಂದೆ ಟೈಪಿಂಗ್ ಮೆಷಿನ್ ಇಟ್ಟುಕೊಂಡು ಶುರು ಮಾಡಿದ್ದು. ಅವರ ನಂತರ ನಾನು ಕಂಪ್ಯೂಟರು, ಪ್ರಿಂಟರು, ಸ್ಪೈರಲ್ ಹಾಕುವ ಯಂತ್ರ ತಂದೆ. ಪಹಣಿ, ಅರ್ಜಿ, ಅಂಕಪಟ್ಟಿ, ಮದುವೆ ಕಾಗದ — ದಿನವಿಡೀ ಇದೇ ಕೆಲಸ. ಜಲಜಕ್ಕ ಹತ್ತಿರದ ಜಾವಳಿ ಊರಿನವರು. ಐವತ್ತು ದಾಟಿದವರು. ಗಂಡ ಶಂಕರಣ್ಣನ ಜೊತೆ ನಾಲ್ಕು ಎಕರೆ ಕಾಫಿ ನೋಡಿಕೊಳ್ಳುತ್ತಾರೆ. ಅವರಿಗೆ ದಿನವೂ ಬರೆಯುವ ಅಭ್ಯಾಸ. ಡೈರಿ ಅಂದರೆ ಒಪ್ಪುತ್ತಿರಲಿಲ್ಲ, ಪುಸ್ತಕ ಅನ್ನಬೇಕು. ಬರಹದ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಚಿತ್ರ: ಜರೀಗಿಡದ ಎಲೆ, ಬೇಲಿಗೆ ಬಂದು ಕೂತ ಹಕ್ಕಿ, ಯಾರದೋ ಮನೆಯಲ್ಲಿ ನೋಡಿದ ಮಣೆಯ ಕೆತ್ತನೆ.

ಎರಡು ವರ್ಷದ ಹಿಂದೆ ಅವರ ಅಣ್ಣನ ಮಗಳು, ಗೆರೆಯ ಬದಲು ಚುಕ್ಕಿಗಳಿರುವ ಹಾಳೆಯ ಪುಸ್ತಕವೊಂದನ್ನು ಉಡುಗೊರೆ ಕೊಟ್ಟಿದ್ದಳು. ಅದು ಮುಗಿದಾಗ ಕೊನೆಯ ಹಾಳೆಯನ್ನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

"ಇಂಥದ್ದು ನೀನು ಮಾಡ್ತೀಯಾ ಶಮೀಮ?"

ಇಡೀ ಮಧ್ಯಾಹ್ನ ಕೂತು ಆರಿಸಿದೆವು. ಗೆರೆ ಹಾಕಿದ ಹಾಳೆ ಬೇಡವೆಂದರು, ಚಿತ್ರಕ್ಕೆ ಅಡ್ಡ ಬರುತ್ತದೆ. ಚೌಕುಳಿ ಹಾಳೆ ತೋರಿಸಿದರೆ ನಕ್ಕುಬಿಟ್ಟರು. "ಇದು ಲೆಕ್ಕದ ಪುಸ್ತಕ ಮಾರಾಯ್ತಿ. ಇದ್ರಲ್ಲಿ ಬರೆಯೋಕೆ ಕೂತ್ರೆ ಮಗ್ಗಿ ನೆನಪಾಗುತ್ತೆ." ಚುಕ್ಕಿಯೇ ಆಗಬೇಕು, ಚುಕ್ಕಿಯಿಂದ ಚುಕ್ಕಿಗೆ ಸರಿಯಾಗಿ ಅರ್ಧ ಸೆಂಟಿಮೀಟರ್ ಇರಬೇಕು, ಬಣ್ಣ ತಿಳಿ ಬೂದಿ. "ಬೇಕು ಅಂದಾಗ ಕಾಣ್ಬೇಕು, ಬೇಡ ಅಂದಾಗ ಕಾಣ್ಬಾರ್ದು" — ಇದು ಅವರು ಕೊಟ್ಟ ಅಳತೆ. ನಾನು ಕಂಪ್ಯೂಟರಿನಲ್ಲಿ ಬೂದಿಯನ್ನು ನೂರಕ್ಕೆ ನಲವತ್ತರಿಂದ ಇಳಿಸುತ್ತ ಇಳಿಸುತ್ತ ಇಪ್ಪತ್ತಕ್ಕೆ ಬಂದಾಗ ಅವರ ಮುಖ ಅರಳಿತು. ಶಾಯಿ ಹಿಂದೆ ಒಸರದ ದಪ್ಪ ಕಾಗದ ಹಾಕಿ, ನಲವತ್ತು ಹಾಳೆಗೆ ಸ್ಪೈರಲ್ ಮಾಡಿ ಕೊಟ್ಟೆ.

ಮಾರನೆಯ ದಿನ ವಾಪಸ್ ತಂದರು. ಸ್ಕೇಲ್ ಇಟ್ಟು ತೋರಿಸಿದರು. ಪ್ರಿಂಟರು ಹಾಳೆಗೆ ಹೊಂದಿಸಲು ಇಡೀ ಪುಟವನ್ನು ಕೂದಲೆಳೆಯಷ್ಟು ಕುಗ್ಗಿಸಿತ್ತು; ಇಪ್ಪತ್ತು ಚುಕ್ಕಿ ದಾಟುವಷ್ಟರಲ್ಲಿ ಅಳತೆ ತಪ್ಪಿತ್ತು. ನನ್ನ ಕಣ್ಣಿಗೆ ಬೀಳದೇ ಇದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು. ನಾಚಿಕೆಯಾಯಿತು. ಸರಿಮಾಡಿ ಹೊಸದು ಕೊಟ್ಟೆ. "ಈಗ ಪ್ರಿಂಟ್ ಅಂದ್ರೆ ಇದು" ಅಂದರು. ಆ ಒಂದು ಮಾತಿಗೆ ನಾನು ಎಷ್ಟು ಹಿಗ್ಗಿದೆ ಅಂದರೆ... ತಿಂಗಳಿಗೊಂದು ಪುಸ್ತಕ ಒಯ್ಯುತ್ತಿದ್ದರು. ಅವರು ಬರುವ ದಿನಕ್ಕೆ ನಾನು ಕಾಯುತ್ತಿದ್ದೆ.

ಹೋದ ವರ್ಷ ಗಣೇಶನ ಹಬ್ಬದ ಮುಂಚಿನ ದಿನಗಳು. ಅಂಗಡಿ ತುಂಬ ಜನ. ಜಲಜಕ್ಕ ಹೊಸ ಪುಸ್ತಕ ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಎಂತ ಶಮೀಮ, ಚುಕ್ಕಿ ಇಷ್ಟು ಮಾಸಲು? ಕಾಣೋದೇ ಇಲ್ಲ."

ನಾನು ತಲೆ ಎತ್ತದೆ ಹೇಳಿದೆ: "ಟೋನರ್ ಮುಗೀತಾ ಬಂದಿತ್ತಕ್ಕ. ನಾಳೆ ಬೇರೆ ಮಾಡಿಕೊಡ್ತೀನಿ."

ಟೋನರ್, ಅಂದರೆ ಪ್ರಿಂಟರಿನ ಶಾಯಿಪುಡಿ, ಹಿಂದಿನ ದಿನವಷ್ಟೇ ಹೊಸದಾಗಿ ಹಾಕಿದ್ದು. ನನಗದು ಗೊತ್ತಿತ್ತು. ಗಿರಾಕಿಯ ಜೊತೆ ವಾದ ಯಾಕೆ ಎಂದು ಬಾಯಿಗೆ ಬಂದದ್ದನ್ನು ಹೇಳಿದ್ದೆ. ಜನ ಹೋದ ಮೇಲೆ ಹಳೆಯ ಹಾಳೆಯೊಂದನ್ನು ಹುಡುಕಿ ಹೊಸದರ ಪಕ್ಕ ಇಟ್ಟೆ. ಎರಡೂ ಒಂದೇ. ಒಂದು ಎಳೆಯೂ ವ್ಯತ್ಯಾಸವಿಲ್ಲ. ಹಾಳೆ ಮಾಸಿರಲಿಲ್ಲ — ಕೂದಲೆಳೆಯ ತಪ್ಪು ಹಿಡಿದಿದ್ದ ಆ ಕಣ್ಣು... ನನಗೆ ಗೊತ್ತಾಯಿತು. ಆದರೂ ನಾನು ಮಾಡಿದ್ದು ಇಷ್ಟೇ: ಬೂದಿಯನ್ನು ಇಪ್ಪತ್ತರಿಂದ ಮೂವತ್ತೈದಕ್ಕೆ ಏರಿಸಿ ಮತ್ತೆ ಪ್ರಿಂಟ್ ಹಾಕಿದೆ.

"ಈಗ ಸರಿಯಾಯ್ತು ನೋಡು" ಅಂದರು ಜಲಜಕ್ಕ ಮರುದಿನ.

ಅಲ್ಲಿಗೆ ಮುಗಿದಿದ್ದರೆ! ದೀಪಾವಳಿ ಕಳೆದ ಮೇಲೆ ಮತ್ತೆ ಮಾಸಲು ಅಂದರು. ಆಗ ಹೇಳಬಹುದಿತ್ತು. ಹೇಳಿದರೆ ಮೊದಲ ಸಲ ಟೋನರ್ ಅಂದದ್ದು ಸುಳ್ಳು ಅನ್ನಬೇಕಾಗುತ್ತಿತ್ತು. ಐವತ್ತಕ್ಕೆ ಏರಿಸಿದೆ. ಆಮೇಲೆ ಅವರು ಕೇಳುವ ಮೊದಲೇ ಏರಿಸತೊಡಗಿದೆ. ಪಾಪ, ಯಾಕೆ ಬೇಜಾರು ಮಾಡುವುದು ಎಂದು ನನಗೆ ನಾನೇ ಹೇಳಿಕೊಂಡೆ. ವಯಸ್ಸಾಯಿತಲ್ಲ, ಎಲ್ಲರಿಗೂ ಆಗುವುದೇ ಎಂದುಕೊಂಡೆ. ಇವೆಲ್ಲ ಸುಳ್ಳು. ಅವರು ಬಂದು ಪುಟ ಬಿಡಿಸಿ "ಸರಿಯಾಗಿದೆ" ಅನ್ನುವುದು ನನಗೆ ಬೇಕಿತ್ತು. ಅಷ್ಟೇ.

ಕಾಫಿ ಕೊಯ್ಲು ಜೋರಾಗಿದ್ದಾಗ ಒಂದು ದಿನ ಶಂಕರಣ್ಣ ಒಬ್ಬರೇ ಬಂದರು. ಕಾಗದ ಜೆರಾಕ್ಸ್ ಮಾಡಿಸಿಕೊಂಡ ಮೇಲೂ ಹೋಗದೆ ನಿಂತರು.

"ಶಮೀಮ, ನಿನ್ನತ್ರ ಒಂದು ಕೇಳ್ಬೇಕಿತ್ತು. ಇವ್ಳು ಇತ್ತೀಚೆಗೆ ಬಾಗಿಲ ಪಟ್ಟಿಗೆಲ್ಲ ಹೆಗಲು ತಾಗಿಸ್ಕೊಳ್ತಾಳೆ. ಡಾಕ್ಟ್ರಿಗೆ ತೋರ್ಸೋಣ ಅಂದ್ರೆ ನನಗೇ ಬೈತಾಳೆ. ಬರೆಯೋದ್ರಲ್ಲಿ, ನೋಡೋದ್ರಲ್ಲಿ ನಿಂಗೆ ಎಂತಾದ್ರೂ ವ್ಯತ್ಯಾಸ ಕಂಡಿದ್ಯಾ?"

ಆ ಮನುಷ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹೇಳಿದ್ದು ಇದು, ಒಂದಕ್ಷರ ಬದಲಾಯಿಸದೆ ಬರೆಯುತ್ತೇನೆ:

"ಇಲ್ಲ ಶಂಕರಣ್ಣ. ಅವ್ರ ಕಣ್ಣಿಗೆ ಎಂತ ಆಗಿದೆ? ಚುಕ್ಕಿ ಒಂದು ಚೂರು ಮಾಸಿದ್ರೂ ಹಿಡಿದು ಬೈತಾರೆ ನನ್ನ."

ಅವರಿಗೆ ಸಮಾಧಾನವಾಯಿತು. "ಹಾಗಾದ್ರೆ ಸರಿ. ನೀನು ಹೇಳಿದ್ಮೇಲೆ ಆಯ್ತು" ಎಂದು ನಗುತ್ತ ಹೋದರು. ಜಲಜಕ್ಕನ ಕಾಯಿಲೆಗೆ ನನ್ನ ಹತ್ತಿರ ಇದ್ದ ಸಾಕ್ಷಿಯನ್ನೇ ತಿರುಚಿ ಕಾಯಿಲೆಯೇ ಇಲ್ಲವೆನ್ನಲು ಬಳಸಿದ್ದೆ. ಅಷ್ಟು ಸಲೀಸಾಗಿ ಹೇಗೆ ಬಂತು ಆ ಮಾತು?

ಈ ವರ್ಷ ಮೇ ತಿಂಗಳಲ್ಲಿ ಜಲಜಕ್ಕ ತಮ್ಮ ಪುಸ್ತಕವನ್ನೇ ತಂದರು. ಸ್ಪೈರಲ್ ಬಿಚ್ಚಿಹೋಗಿತ್ತು, ಸರಿಮಾಡಬೇಕಿತ್ತು. ಅಷ್ಟರಲ್ಲಿ ಚುಕ್ಕಿಗಳು ಅಚ್ಚ ಕಪ್ಪಾಗಿದ್ದವು, ನನ್ನ ಹತ್ತಿರ ಇನ್ನು ಏರಿಸಲು ಏನೂ ಉಳಿದಿರಲಿಲ್ಲ. ಹಾಳೆ ಜೋಡಿಸುವಾಗ ಒಂದು ಪುಟ ಕಣ್ಣಿಗೆ ಬಿತ್ತು. ಪೆನ್ಸಿಲ್ಲಿನಲ್ಲಿ ಬಿಡಿಸಿದ ಎಲೆ, ಅದರ ಸುತ್ತ ಪೆನ್ಸಿಲ್ಲಿನಲ್ಲೇ ಬರೆದ ಸಾಲುಗಳು. ಅದೇ ಪುಟದ ಮೇಲೆ, ಎಲೆಯ ಮೇಲೆ, ಆ ಸಾಲುಗಳ ಮೇಲೆ, ನೀಲಿ ಪೆನ್ನಿನಲ್ಲಿ ಇನ್ನೊಂದು ದಿನದ ಬರಹ. ಮುಂದಿನ ಪುಟವೂ ಹಾಗೆ. ಅದರ ಮುಂದಿನದೂ. ಬರೆದ ಪುಟವೆಂದು ಗೊತ್ತಾಗದೆ, ಖಾಲಿ ಎಂದುಕೊಂಡು ಅವರು ಬರೆಯುತ್ತ ಹೋಗಿದ್ದರು.

ನನ್ನ ಕೈಯಿಂದ ಹಾಳೆಗಳು ಜಾರಿ ನೆಲದ ಮೇಲೆ ಹರಡಿದವು.

"ಎಂತ ಆಯ್ತು ಮಾರಾಯ್ತಿ?" ಅವರು ಕೇಳಿದರು.

"ಅಕ್ಕ, ನಾಳೆ ಚಿಕ್ಕಮಗಳೂರಿಗೆ ಹೋಗೋಣ. ಕಣ್ಣಿಗೆ ತೋರ್ಸೋಣ."

ಆಗಲೂ ಚುಕ್ಕಿ ಕಪ್ಪಾಗಿಸುತ್ತ ಬಂದದ್ದನ್ನು ಹೇಳಲಿಲ್ಲ. ಬರೆದ ಪುಟದ ಮೇಲೇ ಮತ್ತೆ ಬರೆದದ್ದನ್ನು ಮಾತ್ರ ಹೇಳಿದೆ. ಅವರು ನಂಬಲಿಲ್ಲ, ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಒಪ್ಪಿಕೊಂಡರು.

ಚಿಕ್ಕಮಗಳೂರಿನಲ್ಲಿ ಡಾಕ್ಟರಮ್ಮ ಅವರನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಒಳಗೆ ಸಣ್ಣ ಬೆಳಕಿನ ಚುಕ್ಕಿ ಅಲ್ಲಿ ಇಲ್ಲಿ ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಜಲಜಕ್ಕ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ನೆಟ್ಟಗೆ ಕೂತು ಒತ್ತಿದರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಒಂದನ್ನೂ ಬಿಟ್ಟಿಲ್ಲ" ಅಂದರು.

ಯಂತ್ರದಿಂದ ಹಾಳೆ ಹೊರಬಂತು. ದಿನವೂ ಪ್ರಿಂಟ್ ನೋಡುವವಳು ನಾನು. ಕಣ್ಣಿಗೊಂದರಂತೆ ಎರಡು ದುಂಡು ಚಿತ್ರಗಳಿದ್ದವು, ಕಾಣದ ಕಡೆಯೆಲ್ಲ ಕಪ್ಪು; ಎರಡರಲ್ಲೂ ಕಪ್ಪೇ ಹೆಚ್ಚು. ಎಡಗಡೆಯದು ಹೆಚ್ಚುಕಡಿಮೆ ಪೂರ್ತಿ ಕಪ್ಪು. ಬಲಗಡೆಯದರ ನಡುವೆ ಕಾಸಿನಗಲವೂ ಇಲ್ಲದ ಬಿಳಿ. ಆ ಬಿಳಿಯಲ್ಲೇ ಅವರು ಓಡಾಡುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಬರೆಯುತ್ತಿದ್ದರು.

"ಕಣ್ಣಿಗೆ ಎಂತಾದ್ರೂ ಹಾಕ್ತೀರಾ?" ಡಾಕ್ಟರಮ್ಮ ಕೇಳಿದರು.

ಜಲಜಕ್ಕ ಚೀಲದಿಂದ ಸಣ್ಣ ಬಾಟಲಿ ತೆಗೆದು ಕೊಟ್ಟರು. ಹೋದ ವರ್ಷ ಕಾಫಿ ಹೂ ಬಿಟ್ಟಾಗ ಕಣ್ಣು ತುರಿಸುತ್ತಿತ್ತಂತೆ. ಯಾವುದೋ ಮೆಡಿಕಲ್ಲಿನಲ್ಲಿ ಕೇಳಿ ತಂದ ಹನಿ. ಹಾಕಿದರೆ ತಂಪಾಗುತ್ತದೆ, ಅಂದಿನಿಂದ ಬಿಟ್ಟಿರಲಿಲ್ಲ. ಡಾಕ್ಟರಮ್ಮ ಬಾಟಲಿಯನ್ನು ಓದಿ ಮೇಜಿನ ಮೇಲಿಟ್ಟರು. ಇದು ಸ್ಟೀರಾಯ್ಡ್, ತಿಂಗಳುಗಟ್ಟಲೆ ಹಾಕಿದರೆ ಕೆಲವರಿಗೆ ಕಣ್ಣಿನ ಒಳಗಿನ ಒತ್ತಡ ಏರುತ್ತದೆ, ನರ ಒಣಗುತ್ತದೆ, ಒಣಗಿದ ನರ ಮತ್ತೆ ಬರುವುದಿಲ್ಲ ಎಂದು ಮೆಲ್ಲಗೆ ಬಿಡಿಸಿ ಹೇಳಿದರು. ಇವತ್ತೇ ನಿಲ್ಲಿಸಿದರೆ ಉಳಿದದ್ದನ್ನು ಉಳಿಸಲು ನೋಡಬಹುದು, ಅಷ್ಟೇ.

"ಮೊದಲು ಮಂಕು ಅನ್ಸಿದ್ದು ಯಾವಾಗ?"

"ಮಂಕು ಅಂತ ಅನ್ಸೇ ಇಲ್ಲ ಡಾಕ್ಟ್ರೇ. ಗಣೇಶನ ಹಬ್ಬದ ಹೊತ್ತಿಗೆ ಒಂದ್ಸಲ ಪುಸ್ತಕದ ಚುಕ್ಕಿ ಮಾಸಲು ಕಂಡಿತ್ತು. ಆದ್ರೆ ಅದು ಇವಳ ಟೋನರ್ ಮುಗಿದಿದ್ದು." ನನ್ನ ಕಡೆ ತಿರುಗಿದರು. "ಅಲ್ವಾ ಶಮೀಮ?"

"ಹೌದಕ್ಕ" ಅಂದೆ.

ಹೌದಕ್ಕ ಅಂದೆ! ಆ ಕಪ್ಪು ಹಾಳೆ ಎದುರಿಗೇ ಇರುವಾಗ, ಡಾಕ್ಟರು ಕೇಳುತ್ತಿರುವಾಗ. ಡಾಕ್ಟರಮ್ಮ ಏನನ್ನೋ ಬರೆದುಕೊಳ್ಳುತ್ತ, "ಆಗ್ಲೇ ಬಂದಿದ್ರೆ ಇಷ್ಟು ಹೋಗ್ತಿರ್ಲಿಲ್ಲ" ಅಂದರು. ಯಾರನ್ನೂ ಉದ್ದೇಶಿಸಿ ಹೇಳಿದ್ದಲ್ಲ ಅದು.

ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ನನ್ನ ಕೈ ಹಿಡಿದುಕೊಂಡಿದ್ದರು. "ನೀನೊಬ್ಬಳು ಇದ್ದೆ, ಕರ್ಕೊಂಡು ಬಂದೆ" ಎಂದು ಎರಡು ಸಲ ಹೇಳಿದರು.

ಮರುದಿನ ಅಂಗಡಿಯ ಕಂಪ್ಯೂಟರ್ ತೆರೆದೆ. ಅವರ ಹೆಸರಿನಲ್ಲಿ ಉಳಿಸಿದ ಫೈಲುಗಳು ಸಾಲಾಗಿದ್ದವು — ಇಪ್ಪತ್ತು, ಮೂವತ್ತೈದು, ಐವತ್ತು, ಅರವತ್ತು, ಎಪ್ಪತ್ತೈದು, ನೂರು. ಪ್ರತಿಯೊಂದರ ಎದುರಿಗೂ ತಾರೀಖು. ಒಬ್ಬರ ಕಣ್ಣು ಯಾವ ತಿಂಗಳು ಎಷ್ಟು ಹೋಯಿತು ಎಂಬುದು ಅಲ್ಲಿತ್ತು, ನನ್ನ ಕೈಯಿಂದಲೇ ಬರೆದಿಟ್ಟ ಹಾಗೆ. ಅಂಗಡಿಯ ಬಾಗಿಲು ಎಳೆದು ಜಾವಳಿಗೆ ಹೋದೆ.

ಶಂಕರಣ್ಣ ಕಣದಲ್ಲಿದ್ದರು, ಅವರನ್ನೂ ಕರೆದೆ. ಇಬ್ಬರ ಎದುರಿಗೂ ಹೇಳಿದೆ. ಟೋನರಿನಿಂದ ಹಿಡಿದು ಡಾಕ್ಟರ ಮುಂದೆ ಅಂದ "ಹೌದಕ್ಕ"ದವರೆಗೆ ಒಂದನ್ನೂ ಬಿಡಲಿಲ್ಲ. ತಾರೀಖುಗಳನ್ನು ಬರೆದ ಚೀಟಿ ಕೊಟ್ಟು, ಡಾಕ್ಟರಿಗೆ ಇದು ಬೇಕಾಗಬಹುದು ಅಂದೆ. ಶಂಕರಣ್ಣ ಚೀಟಿಯನ್ನು ನೋಡಿದರು, ನನ್ನನ್ನು ನೋಡಿದರು. "ನಾನು ಬಂದು ಕೇಳಿದ್ದೆನಲ್ಲ ಶಮೀಮ" ಎಂದಷ್ಟೇ ಹೇಳಿ ಒಳಗೆ ಹೋದರು.

ಜಲಜಕ್ಕ ಕುರ್ಚಿಯಲ್ಲೇ ಇದ್ದರು. ಬೈಯುತ್ತಾರೆಂದು ಕಾದೆ. ಬೈಯಲಿ ಎಂದು ಬೇಡಿಕೊಂಡೆ.

"ಎಷ್ಟು ತಿಂಗಳು?" ಎಂದು ಕೇಳಿದರು.

"ಎಂಟು."

ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸುತ್ತ ಅವರು ಏನನ್ನೋ ಎಣಿಸಿದರು. ಆಮೇಲೆ, "ಆ ಎಂಟು ತಿಂಗಳೂ ದಿನಾ ಎರಡ್ಸಲ ಆ ಹನಿ ಹಾಕ್ಕೊಂಡೆ ನಾನು" ಅಂದರು. ದನಿ ಏರಿರಲಿಲ್ಲ. ಇದು ಬೇರೆ ಯಾರದೋ ವಿಷಯ, ತಾನು ಈಗಷ್ಟೇ ಕೇಳುತ್ತಿದ್ದೇನೆ ಎಂಬ ಹಾಗಿತ್ತು ಅವರ ಮುಖ. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು — ಕೈ ನನ್ನ ಕಡೆಗೆ ಬರಲಿಲ್ಲ, ನಾನು ಕೂತಿದ್ದ ಕಡೆಯಿಂದ ಸ್ವಲ್ಪ ಆಚೆ, ಯಾರೂ ಇಲ್ಲದ ಜಾಗಕ್ಕೆ ಎತ್ತಿದ್ದರು.

"ಈಗ ಹೋಗು ಶಮೀಮ. ನಾನಾಗಿ ಹೇಳಿ ಕಳಿಸೋತನಕ ಬರ್ಬೇಡ."

ಈಗ ಮಳೆ ಹಿಡಿದು ತಿಂಗಳಾಯಿತು. ಅವರು ಹೇಳಿ ಕಳಿಸಿಲ್ಲ. ಶಂಕರಣ್ಣ ಬಸ್ಸಿನಿಂದ ಇಳಿದವರು ಅಂಗಡಿಯ ಎದುರಿಗೇ ನಡೆದು ಹೋಗುತ್ತಾರೆ, ಒಳಗೆ ನೋಡುವುದಿಲ್ಲ. ನಾನು ಎದ್ದು ನಿಲ್ಲುತ್ತೇನೆ, ಅವರು ದಾಟಿಹೋದ ಮೇಲೆ ಕೂರುತ್ತೇನೆ. ಕರೆಯುವುದಿಲ್ಲ.